ಪೊಟ್ಟಣದ ವಾಸನೆ

ಕ್ರೋಂಪೇಟೆ
ಜನವರಿ 18, 2024

ನಮಿತಾಳಿಗೆ,

ಕಾಗದದ ಮೊದಲಿಗೆ ಎಲ್ಲರೂ ಕ್ಷೇಮ ಎಂದು ಬರೆಯುವುದು ಕ್ರಮ. ನಿನ್ನೆ ಫೋನಿನಲ್ಲಿ ನಿನ್ನ ಸ್ವರ ಕೇಳಿದ ಮೇಲೆ ಆ ಸಾಲು ಬರೆಯಲು ಕೈ ಏಳುವುದಿಲ್ಲ.

ನೀನು ಹೇಳಿದ ಒಂದು ಮಾತೂ ನನಗೆ ತಿಳಿಯಲಿಲ್ಲ. ಬಾಯಲ್ಲಿ ಬಿಸಿ ಕಡುಬು ಇಟ್ಟುಕೊಂಡು ಮಾತಾಡಿದ ಹಾಗಿತ್ತು. ನಾನು ಫೋನು ಇಟ್ಟುಬಿಟ್ಟೆ. ಕೋಪದಿಂದ ಅಲ್ಲ. ಕೂಡಲೇ ನಿನ್ನ ಗಂಡ ಮತ್ತೆ ಮಾಡಿದ. ತಮಿಳಿನಲ್ಲಿ, "ಅತ್ತೆ, ಅವಳಿಗೆ ನಾಲಿಗೆ ತಿರುಗುವುದಿಲ್ಲ. ನರದ ಕಾಯಿಲೆ. ಬೇಕಾದರೆ ಮೆಸೇಜು ಮಾಡಿ, ಓದುತ್ತಾಳೆ" ಎಂದ. ನಿನ್ನ ಮದುವೆಯಾದ ಮೇಲೆ ಅವನು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

ಫೋನಿನ ಮೇಲೆ ಬೆರಳು ತಿಕ್ಕುವುದನ್ನು ನಾನು ಮಾತು ಎನ್ನುವುದಿಲ್ಲ. ಬ್ರಹ್ಮಾವರದ ಹೈಸ್ಕೂಲಿನಲ್ಲಿ ಎಸ್ಸೆಲ್ಸಿ ಪಾಸು ಮಾಡಿದವಳು, ಕಾಗದ ಬರೆಯಲು ಬರುತ್ತದೆ. ನಿನ್ನನ್ನು ನಮ್ಮ ಹೋಟೆಲಿನ ಮೇಜಿನ ಮೇಲೆ ಕೂರಿಸಿ ಕನ್ನಡ ತಿದ್ದಿಸಿದವಳೂ ನಾನೇ. ಶಾಲೆಯಲ್ಲಿ ತಮಿಳು ಕಲಿತೆ, ಇಂಗ್ಲಿಷು ಕಲಿತೆ ಎಂದು ನೆಪ ಹೇಳಬೇಡ. ಕೈ ಇನ್ನೂ ಆಡುತ್ತದಂತಲ್ಲ, ಬರೆ.

ಅವನು ಇನ್ನೊಂದು ಸಂಗತಿಯನ್ನೂ ಹೇಳಿದ. ಯಾವುದೋ ಹೊಸ ಮದ್ದಿನ ಪರೀಕ್ಷೆಗೆ ನೀನು ಹೆಸರು ಕೊಟ್ಟಿದ್ದೀಯಂತೆ. ಯಾರನ್ನು ಕೇಳಿ ಕೊಟ್ಟೆ? ಊರಿನಲ್ಲಿ ಇಲಿ, ಮೊಲ ಮುಗಿದುಹೋದವೇ? ನಮ್ಮ ಅಡುಗೆಮನೆಯ ಕ್ರಮ ನಿನಗೆ ಗೊತ್ತು. ದೇವರಿಗೆ ಇಡುವ ಮೊದಲು ನಾಲಿಗೆಗೆ ಹಚ್ಚುವುದಿಲ್ಲ. ಉಪ್ಪು, ಹುಳಿ, ಇಂಗು, ಎಲ್ಲವೂ ವಾಸನೆಯಲ್ಲೇ ತಿಳಿಯಬೇಕು. ರುಚಿ ನೋಡಿ ಬಡಿಸುವವನು ಅಡುಗೆಯವನೇ ಅಲ್ಲ ಎಂದು ನಿನ್ನ ಅಪ್ಪ ಹೇಳುತ್ತಿದ್ದರು. ಈ ಡಾಕ್ಟರುಗಳು ತಮ್ಮ ಅಡುಗೆಯ ರುಚಿ ನೋಡಲು ನನ್ನ ಮಗಳನ್ನು ಕರೆದಿದ್ದಾರೆ.

ಐತಪ್ಪ ಗುರುವಾರ ಗುರುವಾರ ಹೋಟೆಲಿನ ಸಾಮಾನಿಗೆ ಪ್ಯಾರೀಸ್ ಪೇಟೆಯ ಕಡೆ ಹೋಗುತ್ತಾನೆ. ಅಲ್ಲಿಂದ ನಿಮ್ಮ ತಿರುವೊಟ್ಟಿಯೂರಿಗೆ ಇನ್ನೊಂದು ರೈಲು. ಅವನ ಕೈಯಲ್ಲಿ ಬದನೆಕಾಯಿ ಹುಳಿ, ಮೆತ್ತಗೆ ಬೇಯಿಸಿದ ಅನ್ನ ಕಳಿಸಿದ್ದೇನೆ. ನಾನೇ ನಿಂತು ಮಾಡಿದ್ದು. ಕ್ಯಾರಿಯರು ತೊಳೆದು, ಉತ್ತರ ಬರೆದು, ಅವನ ಕೈಗೇ ಕೊಡು.

ನಾನು ಬರುವುದಿಲ್ಲ. ಮೀನು ಬೇಯುವ ಮನೆಯ ವಾಸನೆ ನನ್ನ ಮೂಗಿಗೆ ಆಗದು ಎಂದು ನಿನ್ನ ಮದುವೆಯ ದಿನವೇ ಹೇಳಿದ್ದೇನೆ. ಹೇಳಿದ ಮಾತು ಹೇಳಿದ್ದೇ.

ವೆಂಕಟಲಕ್ಷ್ಮಿ


ತಿರುವೊಟ್ಟಿಯೂರು
ಫೆಬ್ರವರಿ 1, 2024

ಅಮ್ಮಾ,

ಬಿಸಿ ಕಡುಬು ಎಂದು ಬರೆದದ್ದನ್ನು ಓದಿ ನಕ್ಕೆ. ನಕ್ಕದ್ದು ನಿಲ್ಲಲೇ ಇಲ್ಲ, ಅಜಯ್ ಹೆದರಿ ನೀರು ತಂದರು. ಈಗ ನಗು ನಾನು ಕರೆಯದೆಯೇ ಬರುತ್ತದೆ, ಅಳುವೂ ಹಾಗೆಯೇ. ಅದು ಕೂಡ ಈ ಕಾಯಿಲೆಯ ಒಂದು ಆಟವಂತೆ.

ಸರಿಯಾಗಿ ಹೇಳುತ್ತೇನೆ, ಕೇಳು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ. ನನಗೆ ನಾಲಿಗೆಯಿಂದ ಶುರುವಾಗಿದೆ. ಮುಂದೆ ಗಂಟಲು, ಕೈ, ಕಾಲು, ಕೊನೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ, ಎಲ್ಲ ತಿಳಿಯುತ್ತಲೇ ಇರುತ್ತದೆ. ಗುಣ ಮಾಡುವ ಮದ್ದು ಎಲ್ಲಿಯೂ ಇಲ್ಲ. ಅದಕ್ಕೇ ಪರೀಕ್ಷೆಗೆ ಸೇರಿದೆ. ಇಲಿಗಳದ್ದು ಮುಗಿಯಿತು ಅಮ್ಮಾ, ಈಗ ನಮ್ಮ ಸರದಿ.

ಅರ್ಧ ಜನಕ್ಕೆ ಮದ್ದು ಕೊಡುತ್ತಾರೆ, ಉಳಿದ ಅರ್ಧಕ್ಕೆ ನೋಡಲು ಮದ್ದಿನ ಹಾಗೆಯೇ ಇರುವ ಹುಸಿ ಪುಡಿ. ಯಾರಿಗೆ ಯಾವುದು ಎಂದು ನಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಕಂಪ್ಯೂಟರು ಚೀಟಿ ಎತ್ತುತ್ತದೆ. ಪೊಟ್ಟಣ ಒಡೆದು ನೀರಿಗೆ ಕಲಸಿ ಬೆಳಿಗ್ಗೆ, ಸಂಜೆ ಕುಡಿಯಬೇಕು. ಎರಡಕ್ಕೂ ಒಂದೇ ಕಹಿ ಬೆರೆಸಿದ್ದಾರಂತೆ, ಯಾರಿಂದಲೂ ಬೇರೆ ಮಾಡಿ ಹೇಳಲು ಆಗದಂತೆ. ಅವರಿಗೆ ನಿನ್ನ ಮೂಗು ಗೊತ್ತಿಲ್ಲ.

ಒಪ್ಪಿಗೆ ಕೇಳುವಾಗ ವಿಡಿಯೋ ಮಾಡಿಕೊಂಡರು. "ನನಗೆ ಎಲ್ಲ ಅರ್ಥವಾಗಿದೆ, ಯಾರ ಬಲವಂತವೂ ಇಲ್ಲ" ಎಂದು ಕ್ಯಾಮೆರಾ ನೋಡಿ ಹೇಳಬೇಕಿತ್ತು. ಆಗ ಇನ್ನೂ ನಾಲಿಗೆ ಅಷ್ಟು ಕೆಟ್ಟಿರಲಿಲ್ಲ. ನಿಧಾನವಾಗಿ, ಸ್ಪಷ್ಟವಾಗಿ ಹೇಳಿದೆ. ನನ್ನ ಸ್ವರದಲ್ಲಿ ನಾನು ಆಡಿದ ಕೊನೆಯ ಪೂರ್ತಿ ಮಾತು ಅದೇ ಇರಬೇಕು.

ಅಜಯ್ ಈ ಮನೆಯಲ್ಲಿ ಮೀನು ಬೇಯಿಸಿ ವರ್ಷವಾಗುತ್ತಾ ಬಂತು. ನನಗೆ ಗಂಜಿ ಕುಡಿಸಿ ತಾನು ರುಚಿಯಾಗಿ ಉಣ್ಣಲು ಮನಸ್ಸು ಬರುವುದಿಲ್ಲವಂತೆ. ಹಾಗಾಗಿ ಮನೆಯಲ್ಲಿ ಈಗ ಯಾವ ವಾಸನೆಯೂ ಇಲ್ಲ. ಸುಮ್ಮನೆ ತಿಳಿಸಿದೆ.

ಹುಳಿ ತಳ ಹಿಡಿದಿದೆ ಎಂದು ಅವರು ಹೇಳಿದರು. ಅಮ್ಮನ ಹುಳಿ ತಳ ಹಿಡಿಯುವುದಿಲ್ಲ, ಅಂಗಡಿಯ ಸಾಂಬಾರು ತಿಂದ ಬಾಯಿಗೆ ಏನು ಗೊತ್ತು ಎಂದು ಸ್ಲೇಟಿನಲ್ಲಿ ಬರೆದು ಜಗಳ ಮಾಡಿದೆ.

ನಿನ್ನ
ನಮಿತಾ


ಕ್ರೋಂಪೇಟೆ
ಮಾರ್ಚ್ 7, 2024

ನಮಿತಾಳಿಗೆ,

ನೀನು ಜಗಳ ಮಾಡಿದ್ದು ಸರಿ. ಹುಳಿ ತಳ ಹಿಡಿದಿರಲಿಲ್ಲ. ಬೇಳೆ ಹುರಿದ ವಾಸನೆಗೂ ಸೀದ ವಾಸನೆಗೂ ವ್ಯತ್ಯಾಸ ತಿಳಿಯದವರು ಅಭಿಪ್ರಾಯ ಹೇಳಬಾರದು.

ನಿನ್ನ ಪರೀಕ್ಷೆಯ ಕ್ರಮ ಓದಿದೆ. ನಮ್ಮ ಹೋಟೆಲಿನಲ್ಲಿ ಅರ್ಧ ಜನಕ್ಕೆ ಸಾರು, ಅರ್ಧ ಜನಕ್ಕೆ ಬಣ್ಣದ ನೀರು ಬಡಿಸಿದರೆ ಮೇಜು ಎತ್ತಿ ಹೊಡೆಯುತ್ತಾರೆ. ಓದಿದವರು ಮಾಡಿದರೆ ಅದಕ್ಕೆ ಶಾಸ್ತ್ರ ಎಂದು ಹೆಸರು. ಆಗಲಿ. ಸೇರಿ ಆಗಿದೆ, ಅರ್ಧಕ್ಕೆ ಬಿಡುವುದು ನಮ್ಮ ಮನೆಯ ಅಭ್ಯಾಸವಲ್ಲ.

ನಮ್ಮ ಅಡುಗೆಯ ಕಿಟ್ಟಣ್ಣನಿಗೆ ವಯಸ್ಸಾಯಿತು. ಮೊನ್ನೆ ಹಾಲು ಉಕ್ಕಿ ಒಲೆಯ ಮೇಲೆ ಸೀಯುತ್ತಿತ್ತಂತೆ. ನಾನು ಬೆನ್ನು ಹಾಕಿ ಬೇಳೆ ಆರಿಸುತ್ತಿದ್ದೆ. ಓಡಿ ಬಂದು, "ಅಕ್ಕ, ಸ್ಟೇಷನ್ನಿನವರೆಗೆ ವಾಸನೆ ಹೋಗಿದೆ, ನೀವು ಇಲ್ಲೇ ಕೂತಿದ್ದೀರಲ್ಲ!" ಎಂದ.

"ನಾನೇನು ನಿನ್ನ ಹಾಲು ಕಾಯುವ ಬೆಕ್ಕೋ?" ಎಂದೆ.

ಕೆಲಸದವರೆಲ್ಲ ನಕ್ಕರು. ಅವನು ನಗಲಿಲ್ಲ. ಅಂದಿನಿಂದ ಕುದಿಯುವ ಪಾತ್ರೆಯ ಪಕ್ಕ ನಿಂತು, "ಇಂಗು ಸಾಕಲ್ಲ ಅಕ್ಕ? ಹೌದು, ಸಾಕು. ಉಪ್ಪು ಇನ್ನೊಂಚೂರು ಬೇಕಲ್ಲ ಅಕ್ಕ? ಹೌದು, ಬೇಕು" ಎಂದು ತಾನೇ ಕೇಳಿ ತಾನೇ ಉತ್ತರ ಹೇಳಿಕೊಳ್ಳುತ್ತಾನೆ. ನಾನು ಹೂಂ ಎನ್ನುತ್ತೇನೆ. ಊರೆಲ್ಲ ಬಾಗಿಲು ಹಾಕಿದ್ದ ಆ ದೊಡ್ಡ ಜ್ವರದ ವರ್ಷ ನಾನೂ ಅವನೂ ಒಟ್ಟಿಗೇ ಕಾಯಿಲೆ ಬಿದ್ದು ಎದ್ದವರು. ಆಗಿನಿಂದ ಅವನಿಗೆ ನನ್ನ ಮೇಲೆ ಏನೋ ಅನುಮಾನ.

ಆ ವಿಡಿಯೋವನ್ನು ಆಸ್ಪತ್ರೆಯವರಿಂದ ಕೇಳಿ ತೆಗೆದುಕೋ. ನನಗೆ ಬೇಕೆಂದಲ್ಲ. ನಿನ್ನದು ನಿನ್ನ ಹತ್ತಿರ ಇರಲಿ.

ವೆಂಕಟಲಕ್ಷ್ಮಿ


ತಿರುವೊಟ್ಟಿಯೂರು
ಜೂನ್ 13, 2024

ಅಮ್ಮಾ,

ಅಕ್ಷರ ಸೊಟ್ಟವಾಗಿದ್ದರೆ ಬೈಯಬೇಡ. ಪೆನ್ನಿಗೆ ಬಟ್ಟೆ ಸುತ್ತಿ ಹಿಡಿದುಕೊಂಡಿದ್ದೇನೆ.

ವಿಡಿಯೋ ಕೊಡುವುದಿಲ್ಲವಂತೆ. ಅದು ಪರೀಕ್ಷೆಯ ದಾಖಲೆ, ಹೊರಗೆ ಹೋಗುವ ಹಾಗಿಲ್ಲವಂತೆ.

ನನ್ನ ಜೊತೆಗೇ ಸೇರಿದ್ದ ತಿರುಮಲ ಎಂಬವರು ಹೋದ ತಿಂಗಳು ತೀರಿಕೊಂಡರು. ನನಗಿಂತ ಗಟ್ಟಿ ಇದ್ದರು. ಅವರ ಹೆಂಡತಿ ಉಳಿದ ಪೊಟ್ಟಣಗಳನ್ನು ಹಿಂದಿರುಗಿಸಲು ಬಂದಿದ್ದರು. ಕೌಂಟರಿನ ಮುಂದೆ ನಿಂತು, "ಇದು ನಿಜವಾದ್ದೋ, ಹುಸಿಯೋ, ಈಗಲಾದರೂ ಹೇಳಿ" ಎಂದು ಕೇಳಿದರು. "ಎಲ್ಲರದೂ ಮುಗಿಯುವವರೆಗೆ ನಮಗೂ ಗೊತ್ತಾಗುವುದಿಲ್ಲಮ್ಮ" ಎಂದರು ಆಸ್ಪತ್ರೆಯವರು. ಆಕೆ ಚೀಲ ಅಲ್ಲೇ ಇಟ್ಟು ಹೋದರು. ನಾನು ಅಳಲು ಹೋದೆ, ನಗು ಬಂತು. ಎಲ್ಲರೂ ತಿರುಗಿ ನೋಡಿದರು.

ಅದಕ್ಕೇ ಈ ಕೆಲಸ ಮಾಡಿದ್ದೇನೆ. ಕುಡಿದಾದ ಪೊಟ್ಟಣಗಳನ್ನೂ ಎಣಿಸಿ ಹಿಂದೆ ಕೊಡಬೇಕು. ಒಂದು ಕಳೆದುಹೋಯಿತು ಎಂದು ಹೇಳಿ ಇಟ್ಟುಕೊಂಡೆ. ಇದರ ಜೊತೆ ಮಡಿಸಿ ಇಟ್ಟಿದ್ದೇನೆ. ಮೂಲೆಯಲ್ಲಿ ಚೂರು ಪುಡಿ ಉಳಿದಿದೆ. ನಿನ್ನ ಮೂಗಿಗೆ ಹಿಡಿದು ನೋಡಿ ಹೇಳು.

ನಿಜವಾದ ಮದ್ದು ಎಂದರೆ ಇಲ್ಲೇ ಇದ್ದು ಮುಂದುವರಿಸುತ್ತೇನೆ. ಆಸ್ಪತ್ರೆ ಇಲ್ಲಿಂದ ಹತ್ತಿರ, ಅವರ ಗಾಡಿಯೇ ಬರುತ್ತದೆ. ಹುಸಿ ಎಂದರೆ ನಾಳೆಯೇ ಬಿಡುತ್ತೇನೆ. ಬಿಟ್ಟು ಕ್ರೋಂಪೇಟೆಗೆ ಬರುತ್ತೇನೆ. ಹೋಟೆಲಿನ ಮೇಲಿನ ಆ ಕೋಣೆಯಲ್ಲಿ ಮಲಗುತ್ತೇನೆ, ಬೆಳಿಗ್ಗೆ ಕೆಳಗೆ ಒಗ್ಗರಣೆ ಸಿಡಿಯುವುದು ಕೇಳಿಸುತ್ತದಲ್ಲ, ಅಲ್ಲಿ. ಅಜಯ್ ಒಪ್ಪಿದ್ದಾರೆ. ಅವರು ಭಾನುವಾರ ಬಂದು ಕೆಳಗಿನಿಂದಲೇ ನೋಡಿ ಹೋಗುತ್ತಾರಂತೆ, ನಿನಗೆ ತೊಂದರೆ ಇಲ್ಲದ ಹಾಗೆ.

ನಿನ್ನ ಮಾತೇ ಕೊನೆ.

ನಮಿತಾ


ಕ್ರೋಂಪೇಟೆ
ಜೂನ್ 20, 2024

ನಮಿತಾಳಿಗೆ,

ಪೊಟ್ಟಣ ತಲುಪಿತು. ಸ್ನಾನ ಮಾಡಿ, ದೇವರ ಕೋಣೆಯ ಬಾಗಿಲು ಹಾಕಿಕೊಂಡು ನೋಡಿದೆ.

ನಿಜವಾದ ಮದ್ದೇ. ಬೇವಿನ ತೊಗಟೆಗೂ ಅಳಲೆಕಾಯಿಗೂ ನಡುವಿನ ವಾಸನೆ ಉಂಟು. ಸುಮ್ಮನೆ ಕಲಸಿದ ಪುಡಿಗೆ ಅಂಥ ವಾಸನೆ ಬರಲು ಸಾಧ್ಯವೇ ಇಲ್ಲ. ನನ್ನ ಮೂಗು ಇಲ್ಲಿಯವರೆಗೆ ತಪ್ಪು ಹೇಳಿದ್ದಿಲ್ಲ ಎಂದು ನಿನಗೆ ಗೊತ್ತು.

ಒಂದು ಹೊತ್ತೂ ತಪ್ಪಿಸಬೇಡ. ಕಹಿ ಎಂದು ಉಗುಳಬೇಡ. ನೆತ್ತಿಗೇರಿದರೆ ನಿಧಾನ ಮಾಡು, ಬಿಡಬೇಡ. ಆ ತಿರುಮಲ ಎಂಬವರಿಗೆ ಸಿಕ್ಕಿದ್ದು ಹುಸಿ ಇರಬೇಕು. ಅದಕ್ಕೂ ನಿನಗೂ ಸಂಬಂಧವಿಲ್ಲ.

ಇಲ್ಲಿಗೆ ಬರುವ ಮಾತು ಈಗ ಬೇಡ. ಮೇಲಿನ ಕೋಣೆಯಲ್ಲಿ ಉದ್ದಿನ ಮೂಟೆ ತುಂಬಿಸಿದ್ದೇವೆ, ಕಾಲಿಡಲು ಜಾಗ ಇಲ್ಲ. ಮೆಟ್ಟಿಲೂ ಕಡಿದು. ಗುಣವಾದ ಮೇಲೆ ನಡೆದುಕೊಂಡು ಬಾ.

ವೆಂಕಟಲಕ್ಷ್ಮಿ


ತಿರುವೊಟ್ಟಿಯೂರು
ಸೆಪ್ಟೆಂಬರ್ 12, 2024

ಅಮ್ಮಾ,

ಸರಿ. ಬಿಟ್ಟಿಲ್ಲ, ಕುಡಿಯುತ್ತಿದ್ದೇನೆ.

ಇದು ನನ್ನ ಕೈಯ ಕೊನೆಯ ಕಾಗದ ಇರಬಹುದು. ಈ ಇಷ್ಟು ಬರೆಯಲು ವಾರ ಹಿಡಿಯಿತು. ಅಜಯ್ ಗೋಡೆಗೆ ಕನ್ನಡ ಕಾಗುಣಿತದ ಚಾರ್ಟು ಅಂಟಿಸಿದ್ದಾರೆ, ಮಕ್ಕಳದ್ದು. ಅವರು ಒಂದೊಂದೇ ಅಕ್ಷರದ ಮೇಲೆ ಕೋಲು ಇಡುತ್ತಾರೆ. ಬೇಕಾದ್ದು ಬಂದಾಗ ನಾನು ಕಣ್ಣು ಮುಚ್ಚುತ್ತೇನೆ. ಅವರು ಅದನ್ನು ಚಿತ್ರ ಬರೆದ ಹಾಗೆ ಬರೆದುಕೊಳ್ಳುತ್ತಾರೆ. ಓದಲು ಅವರಿಗೆ ಬರುವುದಿಲ್ಲ, ಹಾಗಾಗಿ ಗುಟ್ಟು ಗುಟ್ಟಾಗಿಯೇ ಇರುತ್ತದೆ. ಒಂದೇ ಕಷ್ಟ, ಚಾರ್ಟಿನಲ್ಲಿ ಒತ್ತಕ್ಷರ ಇಲ್ಲ. ಒತ್ತಿಲ್ಲದ ಮಾತುಗಳನ್ನೇ ಹುಡುಕಬೇಕು. ಅಮ್ಮ ಎನ್ನಲೂ ಆಗುವುದಿಲ್ಲ ನೋಡು.

ನುಂಗಲು ಆಗುವುದಿಲ್ಲ. ಹೊಟ್ಟೆಗೆ ನಳಿಗೆ ಹಾಕಿದ್ದಾರೆ, ಗಂಜಿಯೂ ಮದ್ದೂ ಅದರಲ್ಲೇ. ಆದರೂ ಕ್ಯಾರಿಯರು ನಿಲ್ಲಿಸಬೇಡ. ಅಜಯ್ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿಯುತ್ತಾರೆ. ಮೂಗು ಚೆನ್ನಾಗಿದೆ. ನನ್ನದು.

ನಮಿತಾ


ಕ್ರೋಂಪೇಟೆ
ನವೆಂಬರ್ 14, 2024

ನಮಿತಾಳಿಗೆ,

ಈ ವಾರ ಮೆಂತೆ ತಂಬುಳಿ ಮತ್ತು ಹಲಸಿನ ಹಪ್ಪಳ ಉಂಟು. ಕೆಳಗಿನ ಡಬ್ಬಿಯಲ್ಲಿ ಬರಿಯ ಒಗ್ಗರಣೆ, ತೆಂಗಿನೆಣ್ಣೆಯದು. ವಾಸನೆ ಮುಚ್ಚಳಕ್ಕೆ ಹಿಡಿದು ನಿಲ್ಲುವ ಹಾಗೆ ಕಿಟ್ಟಣ್ಣನೇ ಮಾಡಿದ್ದಾನೆ. ಈಗ ನಿನ್ನ ಡಬ್ಬಿಯದ್ದೆಲ್ಲ ಅವನೇ ಮಾಡುವುದು. ನಾನು ಮುಚ್ಚಳ ಹಾಕುತ್ತೇನೆ.

ಐತಪ್ಪ ರೈಲಿನಲ್ಲಿ ಕೂತರೆ ಸುತ್ತಲಿನವರೆಲ್ಲ ಕೇಳುತ್ತಾರಂತೆ, "ಡಬ್ಬದಲ್ಲಿ ಏನಣ್ಣಾ, ಮದುವೆ ಊಟವಾ?" ಎಂದು. "ಹೌದು, ಹೆಣ್ಣಿನ ಕಡೆಯದ್ದು" ಎನ್ನುತ್ತಾನಂತೆ ಇವನು. ಬಾಯಿ ಬಹಳ. ನೀನು ಹೇಗಿದ್ದೀ ಎಂದು ಕೇಳಿದರೆ ಮಾತ್ರ, "ಚೆಂದ ಇದ್ದಾರೆ ಅಮ್ಮ" ಎಂದು ಮುಖ ಆಚೆ ತಿರುಗಿಸಿ ಚೀಲ ಜಾಡಿಸುತ್ತಾನೆ.

ಮದ್ದಿನಿಂದ ಏನಾದರೂ ವ್ಯತ್ಯಾಸ ಕಾಣುತ್ತದೆಯೇ? ಒಂದು ಬೆರಳಾದರೂ? ಆ ಚಾರ್ಟಿನಲ್ಲಿ ಹೌದು, ಇಲ್ಲ ಎಂದಷ್ಟೇ ಬರೆಸು. ಇಲ್ಲ ಎಂಬುದಕ್ಕೆ ಒತ್ತು ಬೇಕು. ಹಾಗಾದರೆ ಹೌದು ಎಂದೇ ಬರೆಸು.

ಮಳೆ ಶುರುವಾಗಿದೆ. ರೈಲು ನಿಂತರೂ ಐತಪ್ಪನನ್ನು ಬಸ್ಸಿನಲ್ಲಿ ಕಳಿಸುತ್ತೇನೆ.

ವೆಂಕಟಲಕ್ಷ್ಮಿ


ತಿರುವೊಟಿಯೂರು
ಜನವರಿ 23, 2025

ಅಮಾ,

ಔಷಧದಿಂದ ಯಾರಿಗೂ ಗುಣವಾಗದು ಎಂದು ತಿಳಿಯಿತು. ಪರೀಕೆ ನಿಲಿಸಿದರು. ಯಾರ ಪುಡಿ ಯಾವುದು ಎಂದು ಹೇಳಿದರು.

ನಾನು ಕುಡಿದುದು ನಿಜ ಔಷಧವೇ. ನೀನು ಹೇಳಿದ ಮಾತು ನಿಜವಾಯಿತು.

ಆದರೆ ನಿನಗೆ ವಾಸನೆ ತಿಳಿಯದು. ಅದನು ನಾನು ಮೊದಲೇ ಅರಿತೆ. ಹುಳಿಯೇ ಹೇಳಿತು. ಅರಿತೇ ಆ ಪುಡಿಯ ಚೀಲ ಕಳಿಸಿದೆ. ನೀನು ಹುಸಿ ಎಂದು ಹೇಳಲಿ, ಮನೆಗೆ ಬಾ ಎಂದು ಕರೆಯಲಿ ಎಂದು ಕಳಿಸಿದೆ.

ನೀನು ಕರೆಯದೆ ಹೋದೆ.

ಕೋಪ ಬೇಡ. ಉಸಿರು ಭಾರ.

ನಮಿತಾ


ಕ್ರೋಂಪೇಟೆ
ಜನವರಿ 24, 2025

ನಮಿತಾ,

ಇವತ್ತು ಗುರುವಾರ ಅಲ್ಲ. ಆದರೂ ಐತಪ್ಪನನ್ನು ಓಡಿಸಿದ್ದೇನೆ.

ಮೇಲಿನ ಕೋಣೆಯಲ್ಲಿ ಉದ್ದಿನ ಮೂಟೆ ಯಾವತ್ತೂ ಇರಲಿಲ್ಲ. ಹೋದ ಬೇಸಿಗೆಯಲ್ಲೇ ಸುಣ್ಣ ಹೊಡೆಸಿ, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ, ನಿನ್ನ ಮಂಚವನ್ನು ಕಿಟಕಿಯ ಕಡೆ ತಿರುಗಿಸಿ ಇಟ್ಟಿದ್ದೆ. ಮೆಟ್ಟಿಲು ಹತ್ತಿಸಲು ಕುರ್ಚಿಗೆ ಕೋಲು ಕಟ್ಟಿ ಕಿಟ್ಟಣ್ಣ, ಐತಪ್ಪ ಇಬ್ಬರೂ ಒಂದು ದಿನ ನನ್ನನ್ನೇ ಕೂರಿಸಿ ಹೊತ್ತು ನೋಡಿದ್ದರು. ಅಷ್ಟರಲ್ಲಿ ನಿನ್ನ ಪೊಟ್ಟಣ ಬಂತು.

ಬಾ ಎಂದರೆ ನೀನು ಮದ್ದು ಬಿಡುತ್ತಿದ್ದೆ. ಮದ್ದು ಬಿಟ್ಟರೆ ಹೋಗಿಬಿಡುತ್ತೀ ಎಂದು ತಿಳಿದೆ. ಮೂಗಿಗೆ ಹಿಡಿದರೆ ಬರಿಯ ಕಾಗದ. ನಾನು ಬದುಕು ಎಂದು ಬರೆದೆ, ನೀನು ಬರಬೇಡ ಎಂದು ಓದಿದೆ. ಇಬ್ಬರಿಗೂ ಕನ್ನಡ ಬರುತ್ತದೆ ಎಂದುಕೊಂಡಿದ್ದೆ.

ನಾಳೆ ಬೆಳಗಿನ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಯಾರೂ ಬರುವುದು ಬೇಡ, ಐತಪ್ಪನಿಗೆ ಮನೆ ಗೊತ್ತು. ಹಿಂದೆ ಹೋಗುವುದು ಯಾವಾಗ ಎಂದು ಕೇಳಬಾರದು. ಅಳಿಯನಿಗೆ ಹೇಳು, ಅವನ ಮನೆ, ಅವನಿಗೆ ಬೇಕಾದ್ದು ಬೇಯಿಸಿಕೊಂಡು ಉಣ್ಣಲಿ. ನನಗೆ ತಿಳಿಯುವುದಿಲ್ಲ.

ಚಾರ್ಟು ಗೋಡೆಯಲ್ಲೇ ಇರಲಿ. ಕೋಲು ನಾನು ಹಿಡಿಯುತ್ತೇನೆ.

ಅಮಾ


ತಿರುವೊಟ್ಟಿಯೂರು
ಫೆಬ್ರವರಿ 20, 2025

ಕಿಟ್ಟಣ್ಣನಿಗೆ,

ನಿನ್ನೆ ಅಜಯ್ ಫೋನು ಮಾಡಿ ಹೇಳಿದ್ದಾನೆ. ಅದನ್ನು ನಾನು ಮತ್ತೆ ಬರೆಯುವುದಿಲ್ಲ. ಹನ್ನೆರಡು, ಹದಿಮೂರನೆಯ ದಿನದ ಕ್ರಿಯೆ ಕಳೆಯುವವರೆಗೆ ಇಲ್ಲೇ ಇರುತ್ತೇನೆ. ಅವನಿಗೆ ಹಿರಿಯರು ಎಂದು ಬೇರೆ ಯಾರೂ ಇಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದೆ. ನನ್ನ ಮಗಳು ಮಾತಾಡಿದ ಒಂದು ವಿಡಿಯೋ ನಿಮ್ಮಲ್ಲಿ ಉಂಟು, ಪರೀಕ್ಷೆ ಮುಗಿಯಿತಲ್ಲ, ಕೊಡಿ ಎಂದೆ. "ಅದು ದಾಖಲೆ ಅಜ್ಜಿ, ಕೊಡಲು ನಮಗೆ ಅಧಿಕಾರ ಇಲ್ಲ" ಎಂದಳು ಅಲ್ಲಿಯ ಹುಡುಗಿ. ಒಮ್ಮೆ ಇಲ್ಲೇ ಕೇಳಿಸಿದರೆ ಸಾಕು ಎಂದೆ. ತಲೆ ತಗ್ಗಿಸಿದಳು. ಒಳ್ಳೆಯ ಹುಡುಗಿ. ನನ್ನ ಕೈ ಹಿಡಿದು ಹೊರಗಿನವರೆಗೆ ಬಂದಳು, ಒಂದು ಪೊಟ್ಟಣ ಕಡಿಮೆ ಬಿದ್ದಿತ್ತು ಎಂದಳು. ಅದು ನಮ್ಮ ದೇವರ ಕೋಣೆಯಲ್ಲಿ, ಕುಂಕುಮದ ಭರಣಿಯ ಹಿಂದೆ ಉಂಟು. ಯಾರೂ ಮುಟ್ಟುವುದು ಬೇಡ.

ನಾನು ಬಂದ ಮೇಲೆ ಒಲೆಯ ಪಕ್ಕ ನಿಂತು ನೀನೇ ಕೇಳಿ ನೀನೇ ಉತ್ತರ ಹೇಳುವ ಆಟ ಇನ್ನು ಬೇಡ. ಉಪ್ಪು, ಇಂಗು ನೀನೇ ನೋಡು. ಕೆಲಸದವರ ಮುಂದೆಯೇ ನೋಡು.

ಇವತ್ತಿನ ಡಬ್ಬಿ ಮರೆತು ಕಳಿಸಿದ್ದೀಯೋ, ಅಭ್ಯಾಸದಿಂದ ಕಳಿಸಿದ್ದೀಯೋ, ಐತಪ್ಪ ಕ್ಯಾರಿಯರು ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಾಗೆಯೇ ಹಿಂದಕ್ಕೆ ಕಳಿಸಿದ್ದೇನೆ. ಮುಂದಿನ ಗುರುವಾರದಿಂದ ಬೇಡ. ಮುಚ್ಚಳ ತೆಗೆದು ಯಾರ ಮೂಗಿಗೆ ಹಿಡಿಯಲಿ?

ವೆಂಕಟಲಕ್ಷ್ಮಿ